ಒಂದು ಕಾರ್ಡಿಗೆ ಒಂದೇ ಜೀವ

ಎರಡೂ ಕಿಡ್ನಿ ಕೆಟ್ಟ ಮನುಷ್ಯನ ರಕ್ತವನ್ನು ಯಂತ್ರ ತೊಳೆಯದಿದ್ದರೆ ಅವನು ಸಾಯುತ್ತಾನೆ. ಅದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಇದು ನಿಮಗೆ ಗೊತ್ತಿರಬೇಕು. ಇನ್ನೊಂದು ಸಂಗತಿಯೂ ಗೊತ್ತಿರಬೇಕು: ಕಿಡ್ನಿಯ ತುಂಬ ನೀರುಗುಳ್ಳೆ ಎದ್ದು ಅದನ್ನು ತಿಂದುಹಾಕುವ ಕಾಯಿಲೆಯೊಂದಿದೆ, ಅದು ವಂಶದಲ್ಲಿ ಇಳಿದು ಬರುತ್ತದೆ. ತಾಯಿಗಿದ್ದರೆ ಅವಳ ಒಂದೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ಒಂದೇ ಮನೆಯಲ್ಲಿ ಇಬ್ಬರಿಗೆ ಕಿಡ್ನಿ ಕೆಡುವುದು ಪವಾಡವೇನಲ್ಲ. ಬೀದಿಯಲ್ಲಿ ಹೋಗುವವರಿಗೆ ಇದು ಗೊತ್ತಿಲ್ಲದಿದ್ದರೆ ಕ್ಷಮಿಸೋಣ. ಕಿಡ್ನಿ ವಾರ್ಡಿನಲ್ಲೇ ಕುರ್ಚಿ ಹಾಕಿಕೊಂಡು ಕೂತವರಿಗೆ ಗೊತ್ತಿಲ್ಲವೆಂದರೆ ಏನನ್ನೋಣ?

ಬೀದಿಗೆಲ್ಲ ಅವಳು ಕಾಜಕ್ಕ. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಈಗ ಅದನ್ನು ಹೊಲಿಯಲೂ ಯಂತ್ರ ಬಂದಿದೆ. ಆದರೂ ಕೋಟು, ದಪ್ಪ ಉಣ್ಣೆಯ ಬಟ್ಟೆ ಬಂದಾಗ ಆ ಬೀದಿಯ ದರ್ಜಿಗಳೆಲ್ಲ ಅವಳ ಬಳಿಗೇ ಕಳಿಸುತ್ತಾರೆ. ಕೈಕಾಜದಲ್ಲಿ ಅವಳದು ಎತ್ತಿದ ಕೈ. ಮಹಡಿಗೆ ಹತ್ತುವ ಮೆಟ್ಟಿಲಿನ ಕೆಳಗೆ ಅವಳ ಮೂಲೆ: ಒಂದು ಸ್ಟೂಲು, ಬಾಗಿದ ಕತ್ತಿನ ದೀಪ, ಮೇಣದ ತುಂಡು, ದಾರದ ಉಂಡೆ ತುಂಬಿದ ಬಿಸ್ಕತ್ತಿನ ಡಬ್ಬ. ಮೇಲಿಂದ ಯಾರಾದರೂ ಇಳಿದರೆ ಅವಳ ತಲೆಯ ಮೇಲೆ ಧೂಳು ಉದುರುತ್ತದೆ. ಇಳಿದವರು ಯಾರೆಂದು ಅವಳು ತಲೆ ಎತ್ತದೆಯೇ ಹೇಳುತ್ತಾಳೆ. ದಾರವನ್ನು ಮೇಣದ ಮೇಲೆ ಎಳೆಯುತ್ತಾಳೆ, ಸೀಳಿನ ಅಂಚಿಗೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತಾಳೆ, ಗಂಟು ಕಾಣದಂತೆ ಬಟ್ಟೆಯ ಮಡಿಕೆಯೊಳಗೆ ಸೇರಿಸುತ್ತಾಳೆ. ಮಾತು ಕಡಿಮೆ. ಮಾತಾಡುವುದಕ್ಕೆ ಮನೆಯಲ್ಲಿ ಬೇರೆಯವರಿದ್ದರು.

ಮನೆಯೆಂದರೆ ಎರಡು ಕೋಣೆ, ಮೂರು ಜನ. ಕಾಜಕ್ಕ, ಅವಳ ಗಂಡ, ಗಂಡನ ಅಕ್ಕ. ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಹಾರ್ನ್ ಹೊಡೆಯದೆ ಕಿಟಕಿಯಿಂದ ತಲೆ ಹಾಕಿ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದ ಮೆತ್ತನೆಯ ಆಸಾಮಿ. ಅವನ ಅಕ್ಕ, ಕಾಜಕ್ಕನಿಗೆ ಅತ್ತಿಗೆ, ಬೇಕರಿಯಲ್ಲಿ ಪೊಟ್ಟಣ ಕಟ್ಟುವವಳು. ಇವರ ತಾಯಿ ಹೊಟ್ಟೆ ಉಬ್ಬಿಸಿಕೊಂಡು, ಕಾಲು ಬಾತು, ಏನು ಕಾಯಿಲೆಯೆಂದು ಯಾರೂ ಹೇಳದೆಯೇ ಸತ್ತಾಗ ತಮ್ಮನಿನ್ನೂ ಚಡ್ಡಿ ಹಾಕುತ್ತಿದ್ದ. ಅಕ್ಕ ಮದುವೆಯ ಮಾತೆತ್ತದೆ ಅವನನ್ನು ಸಾಕಿದಳು. ಆ ಹಕ್ಕನ್ನು ಕೊನೆಯವರೆಗೂ ಬಾಯಲ್ಲಿ ವಸೂಲು ಮಾಡಿದಳು.

ಮೊದಲು ಬಿದ್ದವನು ತಮ್ಮ. ಸ್ಕ್ಯಾನ್ ಆಯಿತು, ತಾಯಿಯನ್ನು ತಿಂದದ್ದೇನೆಂದು ಆಗ ಗೊತ್ತಾಯಿತು. ವ್ಯಾನಿನ ಕೀಲಿಯನ್ನು ಬೇರೆಯವನಿಗೆ ಕೊಟ್ಟ. ಊರಿನ ದೊಡ್ಡಾಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ, ದಿನ ಬಿಟ್ಟು ದಿನ, ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗತೊಡಗಿದ. ಅಲ್ಲಿ ಕುಟುಂಬದ ಕಾರ್ಡ್ ತೋರಿಸಿದರೆ ಚಿಕಿತ್ಸೆ ಉಚಿತ. ಬೇರೆ ಕಡೆಯ ಯಂತ್ರ ಇಂಥ ಮನೆಯ ಕೈಗೆ ಎಟುಕುವುದಲ್ಲ.

ಕಿಡ್ನಿ ಇಲ್ಲದವನಿಗೆ ನೀರೇ ವಿಷ. ಕುಡಿದದ್ದು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ದಿನಕ್ಕೆ ಇಷ್ಟೇ ಲೋಟ ಎಂದು ಅಳೆದು ಕೊಡಬೇಕು. ನೀರು ಕುಡಿದಷ್ಟು ಸುಲಭ ಎಂದು ನಾವೆಲ್ಲ ಹೇಳುತ್ತೇವಲ್ಲ, ಆ ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ.

"ನಿನ್ನ ಗಂಡ ನೀರು ಕದ್ದು ಕುಡೀತಾನೆ, ನೋಡ್ಕೋ," ಅತ್ತಿಗೆ ಹೇಳುತ್ತಿದ್ದಳು. "ಚಿಕ್ಕವನಿದ್ದಾಗ ಸಕ್ಕರೆ ಕದೀತಿದ್ದ. ಈಗ ಬುದ್ಧಿ ಬಂದಿದೆ, ನೀರು ಕದೀತಾನೆ."

"ಅಕ್ಕ, ಸುಮ್ನಿರು. ನಾಲಿಗೆ ಒಣಗಿ ಚಪ್ಪಲಿ ಆಗಿದೆ."

"ಹಾಗಾದ್ರೆ ಬಾಗಿಲ ಹೊರಗೆ ಬಿಟ್ಟು ಬಾ."

ಇಷ್ಟು ಹೇಳಿ ಫ್ರಿಜ್ಜಿನಿಂದ ಒಂದು ಐಸಿನ ತುಂಡು ತಂದು ಅವನ ಬಾಯಿಗೆ ಇಡುತ್ತಿದ್ದವಳೂ ಅವಳೇ.

ಹೀಗಿರುವಾಗ ಅತ್ತಿಗೆಯ ಕಾಲೂ ಬಾತಿತು. ಬೇಕರಿಯ ಬೂಟು ಹತ್ತದೆ ಅದರ ಹಿಂಬದಿಯನ್ನು ತುಳಿದುಕೊಂಡು ಬಂದಳು. ಊಟದ ವಾಸನೆ ಬಂದರೆ ವಾಕರಿಕೆ. ಅದೇ ಸ್ಕ್ಯಾನ್, ಅದೇ ಗುಳ್ಳೆಗಳು. "ನಮ್ಮಮ್ಮ ಆಸ್ತಿ ಹಂಚೋವಾಗ ಭೇದ ಮಾಡ್ಲಿಲ್ಲ," ಎಂದಳು.

ಕಾಜಕ್ಕ ಅವಳನ್ನು ಕರೆದುಕೊಂಡು ವಾರ್ಡಿನ ಕೌಂಟರಿಗೆ ಹೋದಳು. ಕೌಂಟರಿನಲ್ಲಿ ಕೂರುವವನು ಬೇಸಿಗೆಯಲ್ಲೂ ಸ್ವೆಟರ್ ಹಾಕುವ, ಮೆಲ್ಲಗೆ ಮಾತಾಡುವ ಗುಮಾಸ್ತ. ಡಾಕ್ಟರರ ಚೀಟಿ ನೋಡಿದ, ಕಾರ್ಡ್ ತೆಗೆದುಕೊಂಡ, ಅದರ ನಂಬರನ್ನು ಕಂಪ್ಯೂಟರಿನಲ್ಲಿ ಹೊಡೆದ. ಹೆಸರು, ವಯಸ್ಸು ಹಾಕಿ ಒತ್ತಿದ. ಪರದೆಯ ನಡುವೆ ಎಚ್ಚರಿಕೆಯ ಮಾತಿದ್ದ ಒಂದು ಪೆಟ್ಟಿಗೆ ಎದ್ದು ನಿಂತಿತು.

"ಇದು ತಗೊಳಲ್ಲ ಅಮ್ಮ. ಈ ಕೀ ಆಗಲೇ ಇದೆ ಅಂತಿದೆ."

"ಕೀ ಇದ್ರೆ ಬಾಗಿಲು ತೆಗಿಯಪ್ಪ," ಎಂದಳು ಅತ್ತಿಗೆ.

"ಹಾಗಲ್ಲ ಅಕ್ಕ. ಈ ಕಾರ್ಡಲ್ಲಿ ನಿಮ್ಮ ತಮ್ಮ ಇದ್ದಾರೆ. ಇನ್ನೊಬ್ಬರನ್ನ ಹಾಕೋಕೆ ಸಿಸ್ಟಮ್ ಬಿಡಲ್ಲ."

ಓದುಗರೇ, ಇಲ್ಲಿ ನಿಲ್ಲಿ. ಆ ಪರದೆಯ ಹಿಂದೆ ಏನಿದೆಯೆಂದು ಗೊತ್ತಿಲ್ಲದಿದ್ದರೆ 'ಸಿಸ್ಟಮ್ ಬಿಡಲ್ಲ' ಎಂಬುದು ಆಕಾಶದಿಂದ ಬಂದ ಆಜ್ಞೆಯಂತೆ ಕೇಳಿಸುತ್ತದೆ. ಆಕಾಶದಿಂದ ಏನೂ ಬಂದಿಲ್ಲ. ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರಿನಲ್ಲಿ ಒಂದು ಡೇಟಾಬೇಸ್ ಸಾಫ್ಟ್‌ವೇರ್ ಇದೆ. ಅದರೊಳಗೆ ಒಂದು ಟೇಬಲ್, ಅಂದರೆ ಗೆರೆ ಹೊಡೆದ ಅಡ್ಡ ಸಾಲು, ಉದ್ದ ಸಾಲುಗಳ ಹಾಳೆ. ಹೆಸರು, ವಯಸ್ಸು, ತೂಕ ಎಂಬ ಒಂದೊಂದು ಉದ್ದ ಸಾಲಿಗೆ ಫೀಲ್ಡ್ ಎನ್ನುತ್ತಾರೆ. ಒಬ್ಬ ರೋಗಿಯ ಎಲ್ಲ ವಿವರವೂ ಇರುವ ಒಂದು ಅಡ್ಡ ಸಾಲಿಗೆ ರೆಕಾರ್ಡ್ ಎನ್ನುತ್ತಾರೆ. ಒಂದು ರೆಕಾರ್ಡನ್ನು ಇನ್ನೊಂದರಿಂದ ಬೇರೆಯೆಂದು ಗುರುತಿಸಲು ಒಂದು ಫೀಲ್ಡನ್ನು ಆರಿಸಿ, ಇದರಲ್ಲಿ ಬರೆದದ್ದು ಎರಡನೇ ಸಲ ಬರಕೂಡದು ಎಂದು ಕಟ್ಟು ಹಾಕುತ್ತಾರೆ. ಅದೇ ಪ್ರೈಮರಿ ಕೀ.

ಯಾವುದು ಕೀ ಆಗಬೇಕೆಂದು ಕಂಪ್ಯೂಟರ್ ಹಟ ಹಿಡಿಯುವುದಿಲ್ಲ. ಹೊಸ ಟೇಬಲ್ ತೆರೆದಾಗ ಇಂಥ ಸಾಫ್ಟ್‌ವೇರ್ ಸಾಮಾನ್ಯವಾಗಿ ತಾನೇ ಒಂದು ಕ್ರಮಸಂಖ್ಯೆ ಕೊಡಲು ಸಿದ್ಧವಿರುತ್ತದೆ, ಬಂದವರಿಗೆ ಬಂದ ಹಾಗೆ ಒಂದೊಂದು. ಅದನ್ನು ಹಾಗೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆ ವಾರ್ಡಿನ ಸೂಪರಿಂಟೆಂಡೆಂಟ್ ಕಂಪ್ಯೂಟರ್ ತರಬೇತಿಗೆ ಹೋಗಿ ಬಂದ ಹುಮ್ಮಸ್ಸಿನಲ್ಲಿ ತಾವೇ ಟೇಬಲ್ ಮಾಡಿದರು. ಆ ಕ್ರಮಸಂಖ್ಯೆಯನ್ನು ಅಳಿಸಿ ಅದರ ಜಾಗದಲ್ಲಿ ಕುಟುಂಬದ ಕಾರ್ಡಿನ ನಂಬರನ್ನು ಕೂರಿಸಿದರು. ಒಂದು ಕಾರ್ಡಿನಲ್ಲಿ ಯಾರೂ ಎರಡು ಹೆಸರು ಹೇಳಿ ಉಚಿತ ಚಿಕಿತ್ಸೆ ಪಡೆಯಬಾರದು ಎಂಬುದು ಅವರ ಲೆಕ್ಕ. ಕಳ್ಳನನ್ನು ತಡೆಯಲು ಕಟ್ಟಿದ ಗೋಡೆ ಅದು. ವಂಶದಲ್ಲಿ ಇಳಿಯುವ ಕಾಯಿಲೆಯ ವಾರ್ಡಿನಲ್ಲಿ ಕೂತು, ಒಂದು ಮನೆಗೆ ಒಬ್ಬನೇ ರೋಗಿ ಎಂದು ತೀರ್ಮಾನಿಸಿದರು. ಅವರೊಬ್ಬರೇ ಅಲ್ಲ. ವಾರ್ಡಿನ ಡಾಕ್ಟರುಗಳು, ನರ್ಸುಗಳು ಎಲ್ಲರೂ ಅದನ್ನು ನೋಡಿ ಚೆನ್ನಾಗಿದೆ ಎಂದರು.

ಮೊದಲು ಕಾರ್ಡ್ ಆಫೀಸಿಗೆ ಅಲೆದು ಬಂದು, ಆಮೇಲೆ ಕಾಜಕ್ಕ ಸೂಪರಿಂಟೆಂಡೆಂಟರ ಕೋಣೆಗೆ ಹೋದಳು. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಕುಟುಂಬದ ಫೋಟೋ.

"ನೋಡಮ್ಮ, ನಿನ್ನ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಒಂದು ಕಾರ್ಡಿಗೆ ಒಂದೇ ರೆಕಾರ್ಡ್. ನಿಮ್ಮ ಅತ್ತಿಗೆ ಹೆಸರಲ್ಲಿ ಬೇರೆ ಕಾರ್ಡ್ ಮಾಡಿಸ್ಕೊಂಡು ಬಾ."

"ಕಾರ್ಡ್ ಆಫೀಸಲ್ಲಿ ಕೇಳಿದೆ ಸಾರ್. ಬೇರೆ ಅಡುಗೆ, ಬೇರೆ ಬಾಗಿಲು ಇರ್ಬೇಕಂತೆ. ಬಂದು ನೋಡ್ತಾರಂತೆ. ವರ್ಷ ಹಿಡೀಬಹುದು ಅಂದ್ರು."

"ಅದು ಆ ಆಫೀಸಿನ ವಿಷಯ."

"ಇಲ್ಲಿ ನಂಬರ್ ಒಂದು ಬದಲಾಯಿಸಿದ್ರೆ ಆಗಲ್ವಾ ಸಾರ್?"

"ಕೀ ಬದಲಾಯಿಸಿದ್ರೆ ಹಳೇ ರಿಪೋರ್ಟೆಲ್ಲ ಏರುಪೇರಾಗುತ್ತೆ. ಮೇಲಿನವರ ಒಪ್ಪಿಗೆ ಬೇಕು." ಅವರು ಕನ್ನಡಕ ತೆಗೆದು ಒರೆಸಿದರು. "ಸಿಸ್ಟಮ್ ಅಂದ್ಮೇಲೆ ಸಿಸ್ಟಮ್ ಅಮ್ಮ."

ಕೈ ತೊಳೆದುಕೊಳ್ಳಲು ಈಗ ಬೋಗುಣಿ, ನೀರು ಬೇಡ. 'ಸಿಸ್ಟಮ್' ಎಂಬ ಆ ಒಂದು ಪದ ಸಾಕು.

ಅವಳು ಹೊರಗೆ ಬಂದು ಕೌಂಟರಿನ ಮುಂದೆ ನಿಂತಳು. ಅಳಲಿಲ್ಲ, ಬೇಡಲಿಲ್ಲ, ಸುಮ್ಮನೆ ನಿಂತಳು. ಹಿಂದೆ ನಿಂತವರು ಗೊಣಗಿದರು, ಸರಿದು ಮುಂದೆ ಹೋದರು, ಅವಳು ಅಲ್ಲೇ ಇದ್ದಳು. ಬೆಂಚಿನಲ್ಲಿ ಅತ್ತಿಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಅವಳ ಮುಖ ಹಿಟ್ಟು ಮೆತ್ತಿದಂತೆ ಊದಿತ್ತು. ಊಟದ ಬಿಡುವಿನಲ್ಲಿ ಕೌಂಟರು ಖಾಲಿಯಾದಾಗ ಸ್ವೆಟರಿನ ಗುಮಾಸ್ತ ಆಚೀಚೆ ನೋಡಿದ.

"ಅಮ್ಮ, ಒಂದು ಮಾಡಬಹುದು. ಇಬ್ಬರದೂ ಒಂದೇ ದಿನ ಬೇಡ. ನಿಮ್ಮ ಯಜಮಾನ್ರ ದಿನ ಅವರ ಹೆಸರು ಇರಲಿ. ಅವರು ಹೋದ್ಮೇಲೆ ಅದೇ ರೆಕಾರ್ಡಲ್ಲಿ ಹೆಸರು, ವಯಸ್ಸು, ಸರದಿ ಬದಲಾಯಿಸ್ತೀನಿ. ಮಾರನೇ ದಿನ ಇವರು ಬರಲಿ. ಆಮೇಲೆ ಮತ್ತೆ ಅವರ ಹೆಸರು."

"ತಪ್ಪಲ್ವಾ?"

"ತಪ್ಪೇ," ಎಂದ ಅವನು. "ಆದ್ರೆ ಆ ಪೆಟ್ಟಿಗೆ ಏಳಲ್ಲ. ಯಾರಿಗೂ ಹೇಳ್ಬೇಡಿ, ನನ್ನ ಅನ್ನ ಹೋಗುತ್ತೆ."

ಇದನ್ನು ಅವನು ಲಂಚಕ್ಕೆ ಮಾಡಲಿಲ್ಲ, ಕರುಣೆಗೆ ಮಾಡಿದ. ಆ ಕೌಂಟರುಗಳಲ್ಲಿ ಇದು ನಡೆದು ಬಂದ ರೂಢಿ. ಪೆಟ್ಟಿಗೆ ಎದ್ದರೆ ಪೆಟ್ಟಿಗೆಯನ್ನು ಮಲಗಿಸು, ಜನ ಮುಂದೆ ಹೋಗಲಿ. ಹೀಗೆ ಅಕ್ಕ ತಮ್ಮ ಒಂದೇ ರೆಕಾರ್ಡಿನಲ್ಲಿ ಸಂಸಾರ ಹೂಡಿದರು.

ವಾರ್ಡಿನಲ್ಲಿ ದಿನವೂ ಬೆಳಿಗ್ಗೆ ಟೇಬಲ್ಲಿಗೆ ಒಂದು ಪ್ರಶ್ನೆ ಕೇಳುತ್ತಾರೆ: ಇವತ್ತು ಯಾರ ಸರದಿ? ಹೀಗೆ ಕೇಳುವುದಕ್ಕೆ ಕ್ವೆರಿ ಎನ್ನುತ್ತಾರೆ. ಅದಕ್ಕೆ ಬಂದ ಉತ್ತರವನ್ನು ಅಚ್ಚುಕಟ್ಟಾಗಿ ಹಾಳೆಯ ಮೇಲೆ ಮುದ್ರಿಸಿದರೆ ರಿಪೋರ್ಟ್. ರಿಪೋರ್ಟಿನಲ್ಲಿ ಹೆಸರಿದ್ದವರಿಗೆ ಮಂಚ, ಇಲ್ಲದವರಿಗೆ ಬೆಂಚು. ಕೆಲವು ವಾರ ಎಲ್ಲವೂ ಸಲೀಸಾಗಿ ಹೋಯಿತು. ಅತ್ತಿಗೆಯ ವಾಕರಿಕೆ ನಿಂತಿತು. ಒಂದು ದಿನ ಬೇಕರಿಗೂ ಹೋಗಿಬಂದಳು.

"ನಾವಿಬ್ರೂ ಒಂದೇ ಚಡ್ಡೀಲಿ ಎರಡು ಕಾಲು," ಎಂದು ತಮ್ಮನಿಗೆ ಹೇಳಿದಳು. "ನೀನು ಬಿದ್ರೆ ನಾನೂ ಬೀಳ್ತೀನಿ, ಸರಿಯಾಗಿ ನಡಿ."

ಅವಳು ಸುಮ್ಮನೆ ಹೇಳಿದ್ದು. ನಡೆದದ್ದು ಹಾಗೇ.

ಡಯಾಲಿಸಿಸ್ ಮಾಡುವವರಿಗೆ ಒಂದು ಅಂಕಿ ಮುಖ್ಯ. ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗ ಈ ಮನುಷ್ಯನ ತೂಕ ಎಷ್ಟಿರಬೇಕು? ಅದಕ್ಕೆ ಡ್ರೈ ವೇಟ್ ಎನ್ನುತ್ತಾರೆ. ಬಂದಾಗ ತೂಗಿ, ಡ್ರೈ ವೇಟಿಗಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀರನ್ನು ಯಂತ್ರದಿಂದ ಎಳೆಯುತ್ತಾರೆ. ಕಾಯಿಲೆ ತಿಂದು ತಮ್ಮನೂ ಸೊರಗಿದ್ದ, ಅಕ್ಕನೂ ಸೊರಗಿದ್ದಳು. ತಮ್ಮನ ಡ್ರೈ ವೇಟ್ ಅಕ್ಕನದಕ್ಕಿಂತ ಮೂರು ಕಿಲೋ ಮಾತ್ರ ಹೆಚ್ಚು. ಕಣ್ಣಿಗೆ ಹೊಡೆಯುವಷ್ಟು ವ್ಯತ್ಯಾಸವಲ್ಲ. ಕೊಲ್ಲಲು ಸಾಕು.

ಆ ಅಂಕಿ ಟೇಬಲ್ಲಿನಲ್ಲಿತ್ತು, ಗುಮಾಸ್ತನ ಪರದೆಯಲ್ಲಿರಲಿಲ್ಲ. ಅವನು ನೋಡುತ್ತಿದ್ದುದು ಟೇಬಲ್ಲನ್ನಲ್ಲ, ಫಾರ್ಮನ್ನು. ಫಾರ್ಮ್ ಎಂದರೆ ಟೇಬಲ್ಲಿಗೆ ಕೊರೆದ ಕಿಟಕಿ. ಕಿಟಕಿಯಿಂದ ಕಾಣುವಷ್ಟೇ ಮನೆ ಎಂದು ನಂಬಿದವನು ಮೋಸ ಹೋಗುತ್ತಾನೆ. ಗುಮಾಸ್ತನ ಕಿಟಕಿಯಲ್ಲಿ ಹೆಸರು, ವಯಸ್ಸು, ಸರದಿ ಇತ್ತು. ತೂಕವಿದ್ದದ್ದು ವಾರ್ಡಿನ ಒಳಗಿನ ಡಾಕ್ಟರರ ಕಿಟಕಿಯಲ್ಲಿ. ಅವನು ಹೆಸರು ಬದಲಿಸಿದ. ತೂಕ ತಮ್ಮನದೇ ಉಳಿಯಿತು.

ಹಾಗಾಗಿ ಅತ್ತಿಗೆ ಮಲಗಿದಾಗಲೆಲ್ಲ ಯಂತ್ರ ಅವಳ ಮೈಯಲ್ಲಿ ಮೂರು ಕಿಲೋ ನೀರು ಬಿಟ್ಟು ನಿಲ್ಲುತ್ತಿತ್ತು. ನೀರು ಮೊದಲು ಕಾಲಿಗೆ ಬಂತು, ಆಮೇಲೆ ಶ್ವಾಸಕೋಶಕ್ಕೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬುಗಳನ್ನು ಒಟ್ಟಿಕೊಂಡು ಕೂತೇ ನಿದ್ದೆ ಮಾಡಿದಳು. ವಾರ್ಡಿಗೆ ಹೊಸದಾಗಿ ಬಂದ ಯುವ ಡಾಕ್ಟರಮ್ಮ ಇದನ್ನು ಕಂಡು, ತೂಕ ತಪ್ಪಾಗಿದೆಯೆಂದು ಗುರುತಿಸಿ, ಕಂಪ್ಯೂಟರಿನಲ್ಲಿ ಕೆಳಗಿಳಿಸಿದರು. ಅತ್ತಿಗೆಗೆ ಅವತ್ತು ಉಸಿರು ಹಗುರವಾಯಿತು.

ಮಾರನೇ ದಿನ ಅದೇ ರೆಕಾರ್ಡಿನಲ್ಲಿ ತಮ್ಮ ಬಂದು ಮಲಗಿದ. ಯಂತ್ರ ಅವನಲ್ಲಿ ಇಲ್ಲದ ನೀರನ್ನು ಎಳೆಯಿತು. ಕಾಲಿನ ಮಾಂಸಖಂಡಗಳು ಹಗ್ಗದಂತೆ ಹೊಸೆದುಕೊಂಡವು, ರಕ್ತದ ಒತ್ತಡ ನೆಲ ಕಂಡಿತು, ಕಣ್ಣು ಮೇಲಾಯಿತು. ನರ್ಸ್ ಓಡಿ ಬಂದು ಯಂತ್ರ ನಿಲ್ಲಿಸಿದಳು. ಅವತ್ತಿದ್ದ ಡಾಕ್ಟರು ತೂಕವನ್ನು ಮತ್ತೆ ಮೇಲೇರಿಸಿದರು. ಅದರ ಮಾರನೇ ದಿನ ಅತ್ತಿಗೆ.

ಒಬ್ಬರನ್ನು ಎತ್ತಿದರೆ ಇನ್ನೊಬ್ಬರು ಮುಳುಗುತ್ತಿದ್ದರು. ಏಕೆಂದು ಕಾಜಕ್ಕನಿಗೆ ತಿಳಿಯಲಿಲ್ಲ. ನರ್ಸನ್ನು ಕೇಳಿದರೆ, "ರಿಪೋರ್ಟಲ್ಲಿ ಇರೋ ತೂಕಕ್ಕೇ ಮಾಡಿದೀವಿ ಅಮ್ಮ" ಎಂದಳು. ಗುಮಾಸ್ತನನ್ನು ಕೇಳಿದರೆ, "ನಾನು ಹೆಸರು ಬಿಟ್ಟು ಬೇರೇನೂ ಮುಟ್ಟಿಲ್ಲ, ನನ್ನಾಣೆ" ಎಂದ. ಇಬ್ಬರೂ ಹೇಳಿದ್ದು ನಿಜ.

ಕಾಜಕ್ಕನ ಮೂಲೆಯ ಎದುರಿಗೆ ಒಂದು ಕಂಪ್ಯೂಟರ್ ಕ್ಲಾಸ್ ಇದೆ. ಅಲ್ಲಿ ಕಲಿಸುವ ಟೀಚರ್ ಕೋಟಿನ ಗುಂಡಿ ಹಾಕಿಸಲು ಬಂದವರು, ಇವಳ ಮುಖ ನೋಡಿ ಏನೆಂದು ಕೇಳಿದರು. ಯಾರಿಗೂ ಹೇಳದವಳು ಅವರಿಗೆ ಹೇಳಿದಳು.

"ರೆಕಾರ್ಡ್ ಅಂದ್ರೇನು ಮೇಡಂ? ಎಲ್ಲರೂ ಅದನ್ನೇ ಹೇಳ್ತಾರೆ."

ಟೀಚರ್ ಅವಳ ಸ್ಟೂಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಬಟ್ಟೆಯ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಚೌಕದ ಮನೆ ಹಾಕಿದರು. "ಇದು ಹೆಸರು. ಇದು ವಯಸ್ಸು. ಇಲ್ಲಿ ತೂಕ. ಹೆಸರಿನ ಮನೆಯಲ್ಲಿರೋದನ್ನ ಒರೆಸಿ ಬೇರೆ ಬರೆದೆ ಅಂತ ಇಟ್ಕೊಳಿ. ತೂಕ ಏನಾಯ್ತು?"

"ಹಾಗೇ ಇದೆ."

"ಯಾರದು?"

ಕಾಜಕ್ಕ ತೂಕದ ಮನೆಯ ಮೇಲೆ ಬೆರಳಿಟ್ಟಳು. ಮೇಲಿಂದ ಯಾರೋ ಇಳಿದರು, ಧೂಳು ಉದುರಿತು.

"ಇಬ್ಬರನ್ನೂ ಬೇರೆ ಬೇರೆ ಸಾಲಲ್ಲಿ ಹಾಕಿಸ್ಬೇಕು," ಎಂದರು ಟೀಚರ್. "ತಕ್ಷಣ ಹೇಳಿ ಅವರಿಗೆ. ಇದು ಆಟ ಅಲ್ಲ."

"ಹೇಳಿದ್ರೆ ಒಬ್ಬರನ್ನ ತೆಗೀತಾರೆ ಮೇಡಂ."

ಯಾವ ಕ್ಲಾಸಿನಲ್ಲೂ ಅದಕ್ಕೆ ಉತ್ತರ ಹೇಳಿಕೊಡುವುದಿಲ್ಲ. ಹೇಳದಿದ್ದರೆ ಇಬ್ಬರೂ ಸ್ವಲ್ಪ ಸ್ವಲ್ಪವಾಗಿ ಸಾಯುತ್ತಾರೆ. ಹೇಳಿದರೆ ಒಬ್ಬರು ಬೇಗ ಸಾಯುತ್ತಾರೆ. ಸೂಜಿಗೆ ದಾರ ಪೋಣಿಸಿ ಬದುಕಿದ ಹೆಂಗಸಿನ ಮುಂದೆ ಈ ಲೆಕ್ಕವನ್ನು ಇಟ್ಟವರು ಯಾರು? ವಿಧಿ ಎನ್ನಬೇಡಿ. ವಿಧಿಗೆ ಸಂಬಳ ಇಲ್ಲ, ಮೇಜಿಲ್ಲ, ಗಾಜಿನ ಕೆಳಗೆ ಫೋಟೋ ಇಲ್ಲ.

ಅವಳು ಮೊದಲು ನಡುದಾರಿ ಹುಡುಕಿದಳು. ಅತ್ತಿಗೆಯ ದಿನ ನರ್ಸಿನ ಪಕ್ಕ ನಿಂತು, "ಸಿಸ್ಟರ್, ಮೂರು ಕಿಲೋ ಜಾಸ್ತಿ ತೆಗೀರಿ, ಇವರಿಗೆ ಅಷ್ಟು ಬೇಕು" ಎಂದು ಪಿಸುಗುಟ್ಟಿದಳು.

"ನೀವು ಹೇಳಿದ ಹಾಗೆ ತೆಗೆಯೋಕೆ ಇದೇನು ಬಟ್ಟೆ ಅಳತೇನಾ ಅಮ್ಮ? ಹೊರಗೆ ಕೂತ್ಕೊಳಿ."

ನರ್ಸನ್ನೂ ದೂರುವಂತಿಲ್ಲ. ಯಾರೋ ಹೇಳಿದರೆಂದು ಹಾಳೆಯಲ್ಲಿಲ್ಲದ ಅಂಕಿಗೆ ಯಂತ್ರ ತಿರುಗಿಸಿದರೆ ನಾಳೆ ಅವಳ ತಲೆದಂಡ.

ಆ ವಾರ ಗಂಡ ಎರಡನೇ ಸಲ ಮಂಚದ ಮೇಲೆ ಪ್ರಜ್ಞೆ ತಪ್ಪಿದ. ಡಾಕ್ಟರಮ್ಮ ಹೊರಗೆ ಬಂದು, ಒಂದೇ ರೋಗಿಯ ತೂಕ ದಿನಕ್ಕೊಂದು ಹೇಗಾಗುತ್ತದೆ, ಮನೆಯಲ್ಲಿ ಏನು ಕೊಡುತ್ತಿದ್ದೀರಿ ಎಂದು ಸಿಟ್ಟಿನಿಂದ ಕೇಳಿದರು. ಕಾಜಕ್ಕ ಬಾಯಿ ಬಿಟ್ಟಳು. ಎಲ್ಲವನ್ನೂ ಹೇಳಿದಳು. "ದೇವರೇ, ಒಂದೇ ರೆಕಾರ್ಡಲ್ಲಿ ಇಬ್ಬರಾ," ಎಂದು ಗೊಣಗಿ, ಡಾಕ್ಟರಮ್ಮ ಹಾಗೇ ಸೂಪರಿಂಟೆಂಡೆಂಟರ ಕೋಣೆಗೆ ನಡೆದರು. ಕಾಜಕ್ಕ ಹಿಂದೆ ಓಡಿದಳು.

ಡಾಕ್ಟರಮ್ಮ ಒಳ್ಳೆಯವರು. ಕೀ ಬದಲಾಯಿಸಿ, ಇಬ್ಬರಿಗೂ ಬೇರೆ ರೆಕಾರ್ಡ್ ಕೊಡಿ, ಇವತ್ತೇ ಕೊಡಿ ಎಂದು ದನಿ ಏರಿಸಿ ಹೇಳಿದರು. ಸೂಪರಿಂಟೆಂಡೆಂಟರು ಆ ಮಾತು ಬಿಟ್ಟರು, ತಮ್ಮ ಟೇಬಲ್ಲಿನಲ್ಲಿ ಅಕ್ರಮ ನಡೆದಿದೆ ಎಂಬುದನ್ನು ಹಿಡಿದುಕೊಂಡರು. ಗುಮಾಸ್ತನನ್ನು ಕರೆಸಿದರು. ಅವನು ಸ್ವೆಟರಿನ ತೋಳು ತಿರುಚುತ್ತ ನಿಂತ.

"ಇದು ಬೋಗಸ್ ರೆಕಾರ್ಡ್," ಎಂದರು ಸೂಪರಿಂಟೆಂಡೆಂಟ್. "ಹೆಸರು ಒಬ್ಬರದು, ತೂಕ ಇನ್ನೊಬ್ಬರದು. ಇದನ್ನ ನಾನು ಇಟ್ಕೊಳ್ಳೋಕಾಗಲ್ಲ."

ಕಂಪ್ಯೂಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಸಾಲನ್ನು ಆರಿಸಿದರು. ಡಿಲೀಟ್ ಒತ್ತಿದರು. ಇದಕ್ಕೂ ಒಂದು ಪೆಟ್ಟಿಗೆ ಏಳುತ್ತದೆ. ಒಂದು ರೆಕಾರ್ಡನ್ನು ಅಳಿಸುತ್ತಿದ್ದೀರಿ, ಮತ್ತೆ ತರಲಾಗುವುದಿಲ್ಲ, ಮುಂದುವರಿಯಲೇ ಎಂದು ಕೇಳುತ್ತದೆ. ಯಂತ್ರವಾದರೂ ಒಂದು ಸಲ ಕೇಳಿತು. ಅವರು ಹೌದು ಎಂದರು.

"ಸಾರ್, ಅವರಿಬ್ರೂ," ಎಂದಳು ಕಾಜಕ್ಕ.

"ವಿಚಾರಣೆ ಆಗಲಿ. ಆಮೇಲೆ ಯಾರಾದರೂ ಒಬ್ಬರ ಹೆಸರಲ್ಲಿ ಹೊಸ ಅರ್ಜಿ ಕೊಡು. ಹೊಸದಾಗಿ ಟೆಸ್ಟ್ ಮಾಡಿಸಿ, ಸಹಿ ಹಾಕಿಸಿ ತಗೊಂಡು ಬಾ."

ಬೆಳಗಿನ ಕ್ವೆರಿಗೆ ಈಗ ಆ ಮನೆಯ ಯಾರೂ ಬರುತ್ತಿರಲಿಲ್ಲ. ಟೇಬಲ್ಲಿನ ಪ್ರಕಾರ ಅವರಿಗೆ ಕಿಡ್ನಿ ಕಾಯಿಲೆ ಬಂದೇ ಇರಲಿಲ್ಲ.

ಅಲ್ಲಿಂದ ಮುಂದೆ ಕಾಜಕ್ಕ ಓಡಾಡಿದ ದಾರಿಯನ್ನು ಬರೆಯುವುದು ಬೇಡ, ನೀವೂ ಒಂದಲ್ಲ ಒಂದು ದಿನ ಓಡಾಡಿದ್ದೀರಿ. ಪ್ರಯೋಗಾಲಯದ ಕಿಟಕಿ, ಸಹಿಯ ಕಿಟಕಿ, ಕಾರ್ಡ್ ಆಫೀಸಿನ ಕಿಟಕಿ. ಕೋಟುಗಳು ಕಾಜವಿಲ್ಲದೆ ಮೆಟ್ಟಿಲಿನ ಕೆಳಗೆ ರಾಶಿ ಬಿದ್ದವು. ಮನೆಯಲ್ಲಿ ಅಕ್ಕ ತಮ್ಮ ಎದುರು ಬದುರು ಕೂತು ಒಬ್ಬರ ಕಾಲನ್ನು ಒಬ್ಬರು ಬೆರಳಿನಿಂದ ಒತ್ತಿ, ಗುಳಿ ಎಷ್ಟು ಹೊತ್ತು ಉಳಿಯುತ್ತದೆಂದು ನೋಡುತ್ತಿದ್ದರು. ನೀರು ಕೊಡುವುದನ್ನು ಗುಟುಕಿಗೆ ಇಳಿಸಿದ್ದಾಯಿತು. ಹಣ್ಣು ಬಿಟ್ಟರು, ಟೀ ಬಿಟ್ಟರು.

"ಅರ್ಜೀಲಿ ಅಕ್ಕನ ಹೆಸರು ಬರಿ," ಎಂದ ಗಂಡ.

"ಏನು ದೊಡ್ಡ ತ್ಯಾಗಿ," ಅತ್ತಿಗೆ ಉಸಿರು ಎಳೆದುಕೊಂಡು ಹೇಳಿದಳು. "ನಿನ್ನನ್ನ ಇಷ್ಟುದ್ದ ಸಾಕಿದ್ದು ಗೋಡೆಗೆ ಫೋಟೋ ಹಾಕೋಕಾ? ಇವನದೇ ಬರಿಯಮ್ಮ."

ಕಾಜಕ್ಕ ಅರ್ಜಿಯಲ್ಲಿ ಯಾರ ಹೆಸರನ್ನೂ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ಕೊನೆಗೆ ಡಾಕ್ಟರಮ್ಮ ಫೋನ್ ಮಾಡಿ, ಇಬ್ಬರನ್ನೂ ತುರ್ತು ವಿಭಾಗಕ್ಕೆ ಕರೆದುಕೊಂಡು ಬನ್ನಿ, ನನ್ನ ಜವಾಬ್ದಾರಿಯಲ್ಲಿ ಏನಾದರೂ ಮಾಡುತ್ತೇನೆ ಎಂದರು. ತುರ್ತು ವಿಭಾಗದಲ್ಲಿದ್ದದ್ದು ಒಂದೇ ಯಂತ್ರ. ಗಂಡ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ, ತುಟಿ ನೀಲಿಯಾಗಿತ್ತು. ಅತ್ತಿಗೆ ಬೆಂಚಿನ ಮೇಲೆ ಕೂತು, ಸುಸ್ತಾಗಿದ್ದರೂ ಮಾತಾಡುತ್ತಿದ್ದಳು.

"ರಕ್ತ ಪರೀಕ್ಷೆ ಬರೋವರೆಗೆ ಕಾಯೋಕಾಗಲ್ಲ. ನೀವು ಇಬ್ಬರನ್ನೂ ಮನೇಲಿ ನೋಡಿದೀರಿ," ಎಂದರು ಡಾಕ್ಟರಮ್ಮ. "ಯಾರಿಗೆ ಜಾಸ್ತಿ ಇದೆ?"

ಕಾಜಕ್ಕ ಗಂಡನ ಕಡೆ ಕೈ ತೋರಿಸಿದಳು. ಯಾರೇ ಆದರೂ ಅವನ ಕಡೆಯೇ ತೋರಿಸುತ್ತಿದ್ದರು.

ಅವನನ್ನು ಒಳಗೆ ಕರೆದುಕೊಂಡು ಹೋದರು. ಆದರೆ ಕಿಡ್ನಿ ನಿಂತ ಮೈಯಲ್ಲಿ ನೀರಿನ ಜೊತೆಗೆ ಪೊಟ್ಯಾಸಿಯಂ ಎಂಬ ಉಪ್ಪೂ ಏರುತ್ತದೆ. ಅದು ಏದುಸಿರು ಬರಿಸುವುದಿಲ್ಲ, ತುಟಿ ನೀಲಿ ಮಾಡುವುದಿಲ್ಲ. ಹೇಳದೆ ಕೇಳದೆ ಹೃದಯವನ್ನು ನಿಲ್ಲಿಸುತ್ತದೆ. ಅತ್ತಿಗೆ ಬೆಂಚಿನಲ್ಲಿ ಕಾಜಕ್ಕನ ಭುಜಕ್ಕೆ ಒರಗಿ, "ಒಳಗೆ ಹೋದವನು ನಿದ್ದೆ ಹೊಡೀತಿರ್ತಾನೆ ನೋಡು, ಯಂತ್ರ ಹಾಕಿದ್ರೆ ಸಾಕು ಗೊರಕೆ," ಎಂದಳು. ಆಮೇಲೆ ತಲೆ ಭಾರವಾಯಿತು. ನಿದ್ದೆ ಬಂತೇನೋ ಎಂದುಕೊಂಡು ಕಾಜಕ್ಕ ಅವಳನ್ನು ಅಲುಗಾಡಿಸದೆ, ಭುಜ ನೋಯುತ್ತಿದ್ದರೂ ಹಾಗೇ ಕೂತಿದ್ದಳು. ನರ್ಸ್ ಬಂದು ಮುಖ ನೋಡಿ ಕೂಗಿದಾಗಲೇ ಅವಳಿಗೆ ಗೊತ್ತಾದದ್ದು.

ಮಣ್ಣು ಮಾಡಿದ ಮೇಲೆ ಕಾಜಕ್ಕ ಅರ್ಜಿ ಹಿಡಿದು ಸೂಪರಿಂಟೆಂಡೆಂಟರ ಕೋಣೆಗೆ ಹೋದಳು. ಈಗ ಬರೆಯಲು ಒಂದೇ ಹೆಸರು ಉಳಿದಿತ್ತು. ಅವರು ಎದ್ದು ನಿಂತು ಸಂತಾಪ ಹೇಳಿದರು. ಅರ್ಜಿಯನ್ನು ಓದಿ ಸಹಿ ಹಾಕಿದರು.

"ಇನ್ನು ತೊಂದರೆ ಇಲ್ಲ ಬಿಡಮ್ಮ. ಡೂಪ್ಲಿಕೇಟ್ ಬರಲ್ಲ."

ಅವಳು ಅರ್ಜಿ ತೆಗೆದುಕೊಂಡು ಹೊರಗೆ ಬಂದಳು. ನನಗೆ ಇದನ್ನು ಹೇಳಿದಾಗಲೂ ಕೋಟಿನ ಮೇಲೆ ಬಗ್ಗಿಕೊಂಡೇ ಇದ್ದಳು. ಗಂಡ ದಿನ ಬಿಟ್ಟು ದಿನ ಹೋಗಿ ಬರುತ್ತಾನೆ. ತೂಕ ಸರಿಯಾಗಿದೆ, ತಲೆ ಸುತ್ತುವುದಿಲ್ಲ. ಮನೆಯಲ್ಲಿ ಮಾತಾಡುವವರಿಲ್ಲ. ಐಸಿನ ತುಂಡನ್ನು ಅವನೇ ಎದ್ದು ತೆಗೆದುಕೊಳ್ಳಬೇಕು, ಅವನು ಏಳುವುದಿಲ್ಲ. ಸ್ವೆಟರಿನ ಗುಮಾಸ್ತನನ್ನು ಉಗ್ರಾಣಕ್ಕೆ ಹಾಕಿದ್ದಾರೆ. ಡಾಕ್ಟರಮ್ಮ ಬರೆದ ಪತ್ರ ಮೇಲಿನವರ ಬಳಿ ಇದೆಯಂತೆ. "ಕೈ ತೋರಿಸಿದ್ದು ನಾನೇ ಅಲ್ವಾ," ಎಂದು ಕಾಜಕ್ಕ ಒಮ್ಮೆ ಕೇಳಿದಳು. ಅಲ್ಲ ಎಂದು ಎಷ್ಟು ಜನ ಹೇಳಿದರೂ ಅವಳು ನಂಬುವುದಿಲ್ಲ. ಆ ಕೈಯಲ್ಲೇ ಹೊಲಿಯುತ್ತಾಳೆ.

ಟೇಬಲ್ ಹಾಗೇ ಇದೆ. ಕೀ ಅದೇ ಕಾರ್ಡ್ ನಂಬರ್. ಕಳೆದ ವಾರ ಆ ಬೆಂಚಿನ ಮೇಲೆ ಒಬ್ಬ ತಂದೆ ಮತ್ತು ಅವನ ಮಗಳು ಕೂತಿದ್ದರು, ಇಬ್ಬರ ಕಾಲೂ ಬಾತಿತ್ತು. ಹೊಸ ಗುಮಾಸ್ತ ಕಾರ್ಡ್ ತೆಗೆದುಕೊಂಡು ನಂಬರ್ ಹೊಡೆದ.

ಕೀ ಬದಲಿಸುವುದು ಬೆಟ್ಟ ಅಗೆಯುವ ಕೆಲಸವಲ್ಲ. ಒಂದು ಹೊಸ ಫೀಲ್ಡ್ ಸೇರಿಸಿ, ಕ್ರಮಸಂಖ್ಯೆ ತಾನೇ ಬರಲಿ ಎಂದು ಹೇಳಿ, ಕೀಯನ್ನು ಅದರ ಮೇಲೆ ಇಡಬೇಕು. ಕಾರ್ಡ್ ನಂಬರ್ ಬೇರೆ ಫೀಲ್ಡಾಗಿ ಉಳಿಯಲಿ, ಕಳ್ಳನನ್ನು ಹಿಡಿಯಲು ಬೇಕಾದರೆ ಅದರ ಮೇಲೆ ಕ್ವೆರಿ ಮಾಡಿ. ಹಳೇ ರಿಪೋರ್ಟು ಒಂದಿಷ್ಟು ಕೆಟ್ಟರೆ ಕೂತು ಸರಿಮಾಡಿ. ಟೀ ಆರುವಷ್ಟರಲ್ಲಿ ಶುರು ಮಾಡಿ ಸಂಜೆಗೆ ಮುಗಿಸಬಹುದು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ನೀರಿನ ಆಫೀಸಿನಲ್ಲಿ, ಸಂಘದಲ್ಲಿ ಇಂಥದ್ದೊಂದು ಟೇಬಲ್ ಮಾಡಿ ಇಟ್ಟಿದ್ದೀರಿ. ತರಬೇತಿಗೆ ಹೋಗಿಬಂದು, ಹುಮ್ಮಸ್ಸಿನಲ್ಲಿ, ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದೀರಿ. ನಾಳೆ ಕೆಲಸಕ್ಕೆ ಹೋದಾಗ ಬೇರೆ ಏನನ್ನೂ ಮುಟ್ಟಬೇಡಿ. ಆ ಟೇಬಲ್ಲನ್ನು ತೆರೆಯಿರಿ. ಕೀ ಯಾವ ಫೀಲ್ಡಿನ ಮೇಲಿದೆ ನೋಡಿ. ಅದು ಮನುಷ್ಯರನ್ನು ಎಣಿಸುತ್ತಿದೆಯೋ, ಮನೆಗಳನ್ನು ಎಣಿಸುತ್ತಿದೆಯೋ, ನೀವೇ ನೋಡಿ. ಮನೆಗಳನ್ನು ಎಣಿಸುತ್ತಿದ್ದರೆ ಒಪ್ಪಿಗೆಗೆ ಕಾಯಬೇಡಿ, ಬದಲಿಸಿ.